ಶುಕ್ರವಾರ ಸ್ಟಾರ್ಟ್ ಮಾಡಬಾರದ ಇಂಜಿನ್

ಮಂಡ್ಯದ ಬೇರಿಂಗ್ ಅಂಗಡಿಯಲ್ಲಿ ನಿಂತು, ನಾಲ್ಕು ಜನಕ್ಕೆ ಕೇಳಿಸುವಷ್ಟು ಜೋರಾಗಿ, 'ಅಣ್ಣ, ದೋಣಿ ಇಂಜಿನ್ನಿಗೆ ಒಂದು ಆಯಿಲ್ ಸೀಲ್ ಕೊಡಿ' ಎಂದು ಯಾವತ್ತಾದರೂ ಕೇಳಿದ್ದೀರಾ?

ಒಂದು ಸಲ ಕೇಳಿ ನೋಡಿ. ಬದುಕಿನಲ್ಲಿ ಅಂಥ ಮೌನ ಮತ್ತೆ ಸಿಗುವುದಿಲ್ಲ.

ಅಂಗಡಿಯವರು ಟೀ ಲೋಟ ಕೆಳಗಿಟ್ಟು, ಯಾವ ಗಾಡಿದು ಅಂದ್ರಿ ಎಂದು ಮತ್ತೆ ಕೇಳಿದರು. ಗಾಡಿ ಅಲ್ಲ, ದೋಣಿ ಎಂದೆ. ಪಕ್ಕದಲ್ಲಿ ಟ್ರ್ಯಾಕ್ಟರ್ ಬೇರಿಂಗಿಗಾಗಿ ಕಾಯುತ್ತಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಗೆ ನಾಲೇಲೇ ನೀರಿಲ್ಲ. ನಿಮ್ಮ ಕಡೀಕೆ ಸಮುದ್ರ ಯಾವಾಗವ್ವ ಬಂತು?" ಎಂದು ವಿಚಾರಿಸಿದರು. ಅಂಗಡಿಗೆ ಅಂಗಡಿಯೇ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಪೇಪರಿನಲ್ಲಿ ಸುತ್ತಿ ತಂದಿದ್ದ ಹಳೇ ಸೀಲನ್ನು ಮುಂದಿಟ್ಟೆ. ಅವರು ಅಳತೆ ನೋಡಿದರು, ಯಾವುದೋ ಟೆಂಪೋದ ಡಬ್ಬಿ ಕೆಳಗಿಳಿಸಿದರು, ಅದರಿಂದ ಒಂದನ್ನು ತೆಗೆದು ಪಕ್ಕದಲ್ಲಿಟ್ಟರು. ಒಳಸುತ್ತು, ಹೊರಸುತ್ತು, ದಪ್ಪ, ಎಲ್ಲ ಒಂದೇ!

ಆ ಕ್ಷಣದಲ್ಲಿ ನನಗಾದ ಖುಷಿಯನ್ನು ಹೇಗೆ ಹೇಳಲಿ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಷೀಲ್ಡ್ ಎತ್ತಿಕೊಂಡಾಗಲೂ ಇಷ್ಟು ಕುಣಿಯಬೇಕು ಎನಿಸಿರಲಿಲ್ಲ. (ಷೀಲ್ಡನ್ನು ಮರುವರ್ಷ ವಾಪಸ್ ಕೊಡಬೇಕಿತ್ತು. ಸೀಲು ನಮ್ಮದೇ.)

ಈಗ ಮೊದಲಿನಿಂದ ಹೇಳುತ್ತೇನೆ.

ಕೊತ್ತತ್ತಿಯಿಂದಾಚೆಯ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವ ಪುಟ್ಟಸ್ವಾಮಿ ಇದ್ದಾರೆ. ಭತ್ತ, ಕಬ್ಬು, ಎರಡು ಎಮ್ಮೆ, ಒಂದು ಟ್ರ್ಯಾಕ್ಟರ್. ಇದೆಲ್ಲ ಆ ಊರಿನಲ್ಲಿ ಎಲ್ಲರಿಗೂ ಇರುವುದೇ. ಮಾವನಿಗೆ ಮಾತ್ರ ಇರುವುದು ಕೆರೆಯ ಹುಚ್ಚು. ಊರ ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆ ಬಹಳ ವರ್ಷಗಳಿಂದ ಅವರದೇ. ಬೆಳಿಗ್ಗೆ ತೆಪ್ಪದ ಮೇಲೆ ಹುಟ್ಟು ಹಾಕಿಕೊಂಡು ಹೋದರೆ ಬಿಸಿಲೇರಿದ ಮೇಲೇ ದಡಕ್ಕೆ ಬರುವುದು. ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟಿರುವ ಹೆಜ್ಜಾರ್ಲೆಗಳು ಊಟಕ್ಕೆ ಇಲ್ಲಿಗೇ ಬರುತ್ತವೆ ಎಂಬುದು ಅವರ ದೂರು. ಅವು ಒಂದು ದಿನ ಬಾರದಿದ್ದರೆ, ಯಾಕೆ ಬರಲಿಲ್ಲ ಎಂಬುದೂ ಅವರದೇ ದೂರು.

ಹೋದ ವರ್ಷ ಕಬ್ಬು ತುಂಬುವಾಗ ಟ್ರೇಲರ್ ಮೇಲಿಂದ ಬಿದ್ದು ಬಲಗಡೆ ಭುಜ ಕಳಚಿತು. ಡಾಕ್ಟರು ಕೂಡಿಸಿದರು, ಕೈಗೆ ಬಟ್ಟೆಯ ಜೋಳಿಗೆ ಕಟ್ಟಿದರು, ವಾಸಿಯಾಗುತ್ತದೆ ಎಂದರು. ಪೂರ್ತಿ ಆಗಲಿಲ್ಲ. ಈಗ ಆ ಕೈ ಅನ್ನ ಕಲಸುತ್ತದೆ, ಎಲೆ ಅಡಿಕೆ ಮಡಚುತ್ತದೆ, ಹುಟ್ಟು ಹಾಕುವುದಿಲ್ಲ.

ಕೆರೆ ಬೇರೆಯವರಿಗೆ ಬಿಟ್ಟುಕೊಡು ಎಂದು ಊರೆಲ್ಲ ಹೇಳಿತು. ಮಾವ ಸೀದಾ ಕರಾವಳಿಗೆ ಹೋಗಿ, ಫೈಬರಿನ ಚಿಕ್ಕ ದೋಣಿಯನ್ನೂ ಅದರ ಹಿಂದೆ ಸಿಕ್ಕಿಸುವ ಒಂದು ಸೆಕೆಂಡ್ ಹ್ಯಾಂಡ್ ಇಂಜಿನ್ನನ್ನೂ ಲಗೇಜ್ ಆಟೋಗೆ ಹೇರಿಕೊಂಡು ಬಂದರು. ಊರಿನ ಮಕ್ಕಳೆಲ್ಲ ಏರಿ ಮೇಲೆ ಜಮಾಯಿಸಿದ್ದರಂತೆ. "ನೀರಿನ ಮ್ಯಾಲಿರೋಗಂಟ ನಂಗೆ ವಯಸ್ಸಾಗಕಿಲ್ಲ ಕಣವ್ವ" ಎಂದು ಅವತ್ತು ನನಗೆ ಫೋನಿನಲ್ಲಿ ಹೇಳಿದ್ದರು.

ಅಂದರೆ ಲೆಕ್ಕ ಸರಳ. ಆ ಇಂಜಿನ್ ಇರುವತನಕ ಮಾವ ಕೆರೆಯಲ್ಲಿ. ಅದು ಕೈಕೊಟ್ಟ ದಿನ ಮಾವ ಏರಿಯ ಮೇಲೆ, ಬೇರೆ ಯಾರೋ ಬಲೆ ಎಳೆಯುವುದನ್ನು ನೋಡುತ್ತ.

ಈ ಸಲ ಸಂಕ್ರಾಂತಿ ಕಳೆಯುತ್ತಿದ್ದಂತೆ ನಾಲೆಗೆ ನೀರು ನಿಲ್ಲಿಸಿದರು. ಕೆರೆ ಇಳಿಯಿತು. ಮೀನು ಹಿಡಿದಾಗಿತ್ತು. ಉಳಿದ ನೀರಿಗೆ ಇಂಜಿನ್ ಇಳಿಸಿದರೆ ಕೆಸರು ಕಡೆಯುತ್ತದೆ ಅಷ್ಟೆ. ಮತ್ತೆ ನಾಲೆ ಬರುವವರೆಗೆ ದೋಣಿ ದಡದಲ್ಲೇ. ಇಂಜಿನ್ ಮಾರಿದವರು ಮೊದಲೇ ಎಚ್ಚರಿಸಿದ್ದರಂತೆ: ಸರಿಯಾಗಿ ಮಲಗಿಸದಿದ್ದರೆ ಇದು ಮತ್ತೆ ಏಳುವುದಿಲ್ಲ. ಹೇಗೆ ಮಲಗಿಸುವುದು? ಪುಸ್ತಕ ಕೊಟ್ಟಿದ್ದಾರೆ. ಪುಸ್ತಕ ಇಂಗ್ಲಿಷಿನಲ್ಲಿದೆ. ಚರ್ಚೆ ಮಾಡಿ ಅಷ್ಟೊಂದು ಕಪ್ಪು ಗೆದ್ದವಳಲ್ಲವಾ, ಬಂದು ಓದಿ ಹೇಳು ಎಂದು ನನಗೆ ಬುಲಾವ್ ಬಂತು.

ಹೋಗುವ ಮುಂಚೆ ಯೂಟ್ಯೂಬ್ ನೋಡಿದೆ. ತಪ್ಪಾಯಿತು. ವಿಡಿಯೋ ತುಂಬ ಹಿಮ! ಟೋಪಿ, ಕೈಚೀಲದಂಥ ಗ್ಲೌಸು ಹಾಕಿಕೊಂಡ ದೊರೆಗಳು ಇಂಜಿನ್ನಿನೊಳಗೆ ಗುಲಾಬಿ ಬಣ್ಣದ ದ್ರಾವಣ ಸುರಿಯುತ್ತಿದ್ದಾರೆ. ಯಾಕೆಂದರೆ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಕಬ್ಬಿಣವನ್ನೇ ಸೀಳುತ್ತದಂತೆ. ನಮ್ಮ ಮಾಗಿ ಚಳಿಗೆ ಏನು ಹೆಪ್ಪುಗಟ್ಟುತ್ತದೆ ಹೇಳಿ? ಹೆಚ್ಚೆಂದರೆ ಕೊಬ್ಬರಿ ಎಣ್ಣೆ.

ಹಾಗಾದರೆ ಈ ಇಡೀ ಶಾಸ್ತ್ರವೇ ನಮಗೆ ಬೇಡವೇ? ಇಲ್ಲೇ ನೋಡಿ ನನ್ನಂಥ ಅನುಮಾನದ ಪ್ರಾಣಿಗೆ ಹಬ್ಬ. ಒಂದೊಂದೇ ವಿಧಿಯನ್ನು ಕಟಕಟೆಗೆ ಹತ್ತಿಸಿ, 'ನೀನು ಮಂಡ್ಯಕ್ಕೆ ಯಾಕೆ ಬೇಕು?' ಎಂದು ಕೇಳುವುದು. ಉತ್ತರ ಕೊಟ್ಟವನು ಉಳಿದ, ಕೊಡದವನು ಔಟ್.

ಗುಲಾಬಿ ದ್ರಾವಣ ಮೊದಲ ಸುತ್ತಿನಲ್ಲೇ ಔಟ್. ಪೆಟ್ರೋಲ್ ಖಾಲಿ ಮಾಡುವುದು? ಅದು ಗೆದ್ದಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಕಾರ್ಬುರೇಟರ್ ಒಳಗೆ ಅಂಟು ಕಟ್ಟುತ್ತದೆ. (ಎಥನಾಲ್ ಎಲ್ಲಿಂದ? ಕಬ್ಬಿನಿಂದಲೂ. ಕಬ್ಬು ಯಾರದು? ನಮ್ಮದೂ. ನಾವೇ ಬೆಳೆದು ನಾವೇ ಅಂಟಿಸಿಕೊಳ್ಳುವುದು!) ಸಿಲಿಂಡರಿಗೆ ಎಣ್ಣೆ ಬಿಡುವುದೂ ಗೆದ್ದಿತು. ಹಿಮ ಇಲ್ಲದಿದ್ದರೇನು, ತುಕ್ಕು ಇದೆಯಲ್ಲ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರು. ಇಂಜಿನ್ನನ್ನು ಒಂದು ಗಟ್ಟಿ ಹಲಗೆಗೆ ಬಿಗಿದು, ಫ್ಯಾನಿರುವ ಅದರ ಕಾಲು ಮುಳುಗುವಂತೆ ಡ್ರಮ್ಮಿನ ತುಂಬ ಬೋರ್‌ವೆಲ್ ನೀರು ಬಿಟ್ಟೆವು. ಮಾವನ ಬಲಗೈಯನ್ನು ಸ್ಟಾರ್ಟ್ ಮಾಡುವ ಹಗ್ಗದ ಹತ್ತಿರ ಬಿಡುವ ಹಾಗಿರಲಿಲ್ಲ. ನಾನೇ ಎಳೆದೆ. ಗುರ್ರ್ ಎಂದು ಎದ್ದಿತು ನೋಡಿ! ಡ್ರಮ್ಮಿನ ನೀರೆಲ್ಲ ಕುದಿಯುವ ಎಸರಿನಂತೆ ಕೊತಕೊತ. ಎಮ್ಮೆಗಳೆರಡೂ ಎದ್ದು ನಿಂತವು. ಇಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ನೀರು ಚಿರ್ರೆಂದು ಹೊರಗೆ ಹಾರತೊಡಗಿತು. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಮಾವನ ಹೆಂಡತಿ ಜಯಮ್ಮತ್ತೆ ಕತ್ತೆತ್ತಿದರು.

"ಇದೇನ್ ಹಿಂಗೆ ಉಚ್ಚೆ ಹುಯ್ತದೆ?"

ಅದೇ ಅದರ ಆರೋಗ್ಯ ಎಂದು ವಿವರಿಸಿದೆ. ಟ್ರ್ಯಾಕ್ಟರಿಗೆ ರೇಡಿಯೇಟರ್ ಇದೆ, ಒಳಗಿನ ನೀರೇ ಸುತ್ತುತ್ತದೆ. ದೋಣಿ ಇಂಜಿನ್ನಿಗೆ ರೇಡಿಯೇಟರ್ ಇಲ್ಲ. ಹೊರಗಿನ ನೀರು ಕುಡಿಯುತ್ತದೆ, ಮೈ ತಂಪು ಮಾಡಿಕೊಳ್ಳುತ್ತದೆ, ಹುಯ್ಯುತ್ತದೆ. ನೀರೆತ್ತಲು ಒಳಗೆ ಒಂದು ರಬ್ಬರಿನ ಚಕ್ರವಿದೆ. ನೀರಿಲ್ಲದೆ ಓಡಿಸಿದರೆ ಆ ರಬ್ಬರು ನೋಡನೋಡುತ್ತಲೇ ಸುಟ್ಟು ಹೋಗುತ್ತದೆ. ಅತ್ತೆ ಹೂಂ ಎಂದರು. ಆ ಹೂಂ ಅನ್ನು ನಾನು ಆಗಲೇ ಅನುಮಾನಿಸಬೇಕಿತ್ತು.

ಪೆಟ್ರೋಲ್ ಪೈಪ್ ಕಿತ್ತೆವು. ಒಳಗಿನದು ಮುಗಿಯುವವರೆಗೆ ಓಡಿ, ಎರಡು ಸಲ ಬಿಕ್ಕಿ, ನಿಂತಿತು. ಪ್ಲಗ್ ತೆಗೆದು 2ಟಿ ಆಯಿಲ್ ಬಿಟ್ಟು, ಹಗ್ಗ ಮೆಲ್ಲಗೆ ಎಳೆದು ಒಳಗೆಲ್ಲ ಸವರಿಸಿದೆವು. ಇನ್ನೇನು ಮುಗಿಯಿತು, ಗೇರ್ ಆಯಿಲ್ ಬದಲಾಯಿಸುವುದೊಂದೇ ಬಾಕಿ ಎಂದು ಬುಡದ ಸ್ಕ್ರೂ ಬಿಚ್ಚಿದರೆ, ಇಳಿದದ್ದು ಎಣ್ಣೆಯಲ್ಲ. ಹಾಲು ಹೆಚ್ಚಾದ ಕಾಫಿ!

ನೀರು ಸೇರಿದೆ. ಎಲ್ಲಿಂದ? ಮಾವನ ಮುಖ ಸಣ್ಣಗಾಯಿತು. ಮೋಸ ಹೋದೆ, ಒಳಗೆ ಬಿರುಕಿರುವುದನ್ನು ತಲೆಗೆ ಕಟ್ಟಿದ್ದಾರೆ ಎಂದು ಅವರು ಅಲ್ಲೇ ತೀರ್ಮಾನಿಸಿದರು. ಸಾಕ್ಷಿ ಇಲ್ಲದೆ ತೀರ್ಪು ಕೊಡಬಾರದು ಮಾವ ಎಂದು ನಾನು ನೀರು ತಳ್ಳುವ ಹಿಂದಿನ ಫ್ಯಾನ್ ಬಿಚ್ಚಿದೆ. ಅದರ ಹಿಂದೆ, ಷಾಫ್ಟಿನ ಸುತ್ತ, ಕೂದಲೆಳೆಯಂಥ ನೈಲಾನ್ ದಾರ. ಒಂದು ಸುತ್ತಲ್ಲ, ಬುಗುರಿಗೆ ಚಾಟಿ ಸುತ್ತಿದ ಹಾಗೆ. ಯಾವುದು ಗೊತ್ತೇ? ಮಾವನದೇ ಬಲೆಯ ಚೂರು! ಅದು ಸುತ್ತಿ ಸುತ್ತಿ ಸೀಲನ್ನು ಕೊಯ್ದಿತ್ತು. ಸೀಲು ಹೋದರೆ ನೀರು ಒಳಗೆ. ಹಾಗೇ ಮಲಗಿಸಿದ್ದರೆ ನಾಲೆ ಬರುವಷ್ಟರಲ್ಲಿ ಗೇರುಗಳಿಗೆಲ್ಲ ತುಕ್ಕು.

ಕಳ್ಳ ಸಿಕ್ಕ ಪೊಲೀಸರಿಗೂ ಇಷ್ಟು ಸಂಭ್ರಮ ಇರಲಿಕ್ಕಿಲ್ಲ. "ಮೀನು ಹಿಡಿಯಾಕೆ ಓಗಿ ನನ್ ಇಂಜಿನ್ನೇ ಇಡ್ಕಂಡಿದ್ದೀನಲ್ಲ" ಎಂದು ಮಾವ ತೊಡೆ ತಟ್ಟಿಕೊಂಡು ನಕ್ಕರು. ನಾನು ಸ್ಕೂಟರ್ ಹತ್ತಿ ಮಂಡ್ಯಕ್ಕೆ ಹಾರಿದೆ. ಬೇರಿಂಗ್ ಅಂಗಡಿಯ ಕಥೆ ಆಗಲೇ ಹೇಳಿದೆನಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಸ ಸೀಲು ಕೂತಿತು, ಹೊಸ ಎಣ್ಣೆ ತುಂಬಿತು. ಇಡುವುದೆಲ್ಲಿ? ಅಟ್ಟದ ಮೇಲೆ ಅಡ್ಡ ಮಲಗಿಸೋಣ ಎಂದರು ಮಾವ. ಅಡ್ಡ ಮಲಗಿಸಬಾರದು, ಒಳಗಿನ ನೀರು ಸಿಲಿಂಡರಿಗೆ ಇಳಿಯುತ್ತದೆ, ನೆಟ್ಟಗೆ ನಿಲ್ಲಿಸಬೇಕು ಎನ್ನುತ್ತದೆ ಪುಸ್ತಕ. ಕಡೆಗೆ ಕೊಟ್ಟಿಗೆಯಲ್ಲಿ ಮೊದಲು ಎತ್ತು ಕಟ್ಟುತ್ತಿದ್ದ ಜಾಗ ಕಾಣಿಸಿತು. ಮೇವು ಹಾಕುವ ಗೋದಲಿಯ ಹಲಗೆಗೆ ಇಂಜಿನ್ ಬಿಗಿದೆವು. ಪಕ್ಕದಲ್ಲಿ ಎರಡು ಎಮ್ಮೆ, ನಡುವೆ ಇದು. ತಲೆ ಎತ್ತಿ ನಿಂತ ಭಂಗಿ ನೋಡಿದರೆ ಈಗ ಹಿಂಡಿ ಬೂಸಾ ಕೇಳೀತು ಎನ್ನುವಂತಿತ್ತು.

ಕೈ ತೊಳೆದುಕೊಂಡು ಬಂದೆ. ಅತ್ತೆ ಕಾಫಿ ಕೊಡುತ್ತ ಒಂದೇ ಮಾತು ಹೇಳಿದರು.

"ಆಯ್ತಲ್ಲ, ಇನ್ ಸುಕ್ರವಾರ ಸುಕ್ರವಾರ ನಾನ್ ನೋಡ್ಕತೀನಿ ಬುಡು."

ನಾನು ಕಾಫಿ ಲೋಟ ಕೆಳಗಿಟ್ಟೆ.

ಜಯಮ್ಮತ್ತೆಯ ಶುಕ್ರವಾರ ಎಂದರೆ ಏನೆಂದು ನಿಮಗೆ ಗೊತ್ತಿಲ್ಲ. ಪೂಜೆ ಮುಗಿಸಿ, ಮಂಗಳಾರತಿ ತಟ್ಟೆ ಹಿಡಿದು ಹೊರಡುತ್ತಾರೆ. ಟ್ರ್ಯಾಕ್ಟರಿಗೆ ಆರತಿ, ಸ್ಟಾರ್ಟು, ಒಂದು ಗಳಿಗೆ ಗುರ್ರ್, ಆಫ್. ಹಳೇ ಡೀಸೆಲ್ ಪಂಪ್‌ಸೆಟ್ಟಿಗೆ ಆರತಿ, ಸ್ಟಾರ್ಟು, ಆಫ್. ಸ್ಕೂಟರಿಗೂ ಅಷ್ಟೆ. (ಮಿಕ್ಸಿಯನ್ನು ಖಾಲಿ ತಿರುಗಿಸುವುದನ್ನೂ ಕಂಡಿದ್ದೇನೆ.) ಶುಕ್ರವಾರ ದನಿ ಎತ್ತದ ಇಂಜಿನ್ ಆ ಮನೆಯಲ್ಲಿ ಇರಕೂಡದು. ಇದು ಮೂಢನಂಬಿಕೆ ಎಂದು ನಾನು ಹಿಂದೊಮ್ಮೆ ವಾದಿಸಿ ಸೋತಿದ್ದೇನೆ. ಯಾಕೆಂದರೆ ಅತ್ತೆಯ ಕಡೆ ಸಾಕ್ಷಿ ಇದೆ. ಊರಿನ ಎಷ್ಟೋ ಪಂಪ್‌ಸೆಟ್ಟುಗಳು ನಿಂತಲ್ಲೇ ಜಾಮಾಗಿ ಗುಜರಿಗೆ ಹೋದವು. ಅತ್ತೆಯದು ಇವತ್ತಿಗೂ ಓಡುತ್ತದೆ.

ಎದುರಾಳಿಯ ವಾದ ಎಲ್ಲಿ ನಿಜವೋ ಅದನ್ನು ಮೊದಲು ಒಪ್ಪಿಕೊಳ್ಳಬೇಕು ಎಂದು ನಮಗೆ ಚರ್ಚೆಯಲ್ಲಿ ಕಲಿಸಿದ್ದರು. ಒಪ್ಪಿಕೊಂಡೆ. ಟ್ರ್ಯಾಕ್ಟರಿಗೆ ಸರಿ ಅತ್ತೆ, ಇದಕ್ಕೆ ಬೇಡ. ನೀರಿಲ್ಲದೆ ಓಡಿಸಿದರೆ ರಬ್ಬರ್ ಸುಡುತ್ತದೆ ಎಂದು ಬೆಳಿಗ್ಗೆ ಹೇಳಿದೆನಲ್ಲ?

ಡ್ರಮ್ಮಿದೆ, ಬೋರಿದೆ, ನೀರು ತುಂಬಿದರಾಯಿತು ಎಂದರು ಅತ್ತೆ.

ಒಳಗೆ ಸವರಿದ ಎಣ್ಣೆ ಸುಟ್ಟು ಹೋಗುತ್ತದೆ ಎಂದೆ. ಮತ್ತೆ ಸವರಿದರಾಯಿತು ಎಂದರು. ಕಾರ್ಬುರೇಟರಿಗೆ ಮತ್ತೆ ಪೆಟ್ರೋಲ್ ಬರುತ್ತದೆ ಎಂದೆ. ಮತ್ತೆ ಖಾಲಿ ಮಾಡಿದರಾಯಿತು ಎಂದರು. ಪ್ರತಿ ಶುಕ್ರವಾರವೂ ಇಷ್ಟೆಲ್ಲ ಯಾರು ಮಾಡುತ್ತಾರೆ ಎಂದು ಕೇಳಿದೆ. ಅತ್ತೆ ಮಾವನ ಕಡೆ ನೋಡಿದರು. ಮಾವ ಎಮ್ಮೆಯ ಕಡೆ ನೋಡಿದರು. ಎರಡನೇ ಶುಕ್ರವಾರಕ್ಕೇ ಡ್ರಮ್ಮು ಮರೆತುಹೋಗುತ್ತದೆ, ಮೂರನೆಯದಕ್ಕೆ ಒಣ ಇಂಜಿನ್ನಿಗೆ ಹಗ್ಗ ಎಳೆಯುತ್ತಾರೆ ಎಂಬುದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ಇಂಗೇ ಸುಮ್ಕೆ ಬುಟ್ರೆ ಅದು ಸತ್ತೋಗಿದ್ಯೋ ಬದ್ಕಿದ್ಯೋ ಎಂಗವ್ವ ಗೊತ್ತಾಗದು?" ಎಂದರು ಅತ್ತೆ.

ಮಾವ ಆಗ ಎದ್ದು ಡ್ರಮ್ಮನ್ನು ಪಕ್ಕಕ್ಕೆ ಸರಿಸಲು ಹೋದರು. ಬಲಗೈ ಅರ್ಧಕ್ಕೇ ನಿಂತಿತು. ತುಟಿ ಕಚ್ಚಿ ಎಡಗೈಗೆ ಬದಲಾಯಿಸಿದರು. ನನಗೆ ಥಟ್ಟನೆ ಹೋದ ವರ್ಷ ನೆನಪಾಯಿತು.

ಜೋಳಿಗೆ ಹಾಕಿಕೊಂಡು ಕುಳಿತಿದ್ದ ಮಾವನನ್ನು ನೋಡಲು ಬಂದವರು ಎಷ್ಟು ಜನ! ಬ್ರೆಡ್ಡು, ಮೋಸಂಬಿ ಕೈಗಿಟ್ಟು, ಕೂತು, ಎಲ್ಲರೂ ಕೇಳಿದ್ದು ಒಂದೇ. ಎಲ್ಲಿ, ಒಸಿ ಕೈ ಎತ್ತು ನೋಡಾನ. ದುದ್ದದಿಂದ ಬಂದ ಬೀಗರು ಎತ್ತಿಸಿದರು. ಎದುರು ಮನೆಯವರು ಎತ್ತಿಸಿ, ಹೋದ ವಾರಕ್ಕಿಂತ ಪರವಾಗಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟರು. ಪ್ರತಿ ಶುಕ್ರವಾರ ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಅತ್ತೆಯೂ ಎತ್ತಿಸಿದರು. ಎಲ್ಲರಿಗೂ ಪ್ರೀತಿಯೇ. ಎಲ್ಲರಿಗೂ ಆತಂಕವೇ. ಅಲ್ಲಾಡಿಸಬೇಡಿ ಎಂದಿದ್ದ ಡಾಕ್ಟರು ಮುಂದಿನ ಸಲ ನೋಡಿ, ಇದನ್ನು ಯಾರ್ರೀ ಎತ್ತಿಸಿದ್ದು ಎಂದು ಕೂಗಾಡಿದ್ದರು.

ಹೇಳಬಾರದಿತ್ತೇನೋ. ಹೇಳಿಬಿಟ್ಟೆ.

"ಅತ್ತೆ, ಮಾವನ ಭುಜಾನೂ ಶುಕ್ರವಾರ ಶುಕ್ರವಾರ ಸ್ಟಾರ್ಟ್ ಮಾಡಿ ನೋಡಿದ್ರಲ್ವಾ?"

ಅತ್ತೆ ಸುಲಿದ ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು. ಸ್ಪರ್ಧೆಯಲ್ಲಿ ಇಂಥ ಕಡೆ ಚಪ್ಪಾಳೆ ಬೀಳುತ್ತದೆ. ಇಲ್ಲಿ ಒಳಗಿನಿಂದ ಕುಕ್ಕರ್ ಒಂದು ಸೀಟಿ ಹಾಕಿತು, ಅಷ್ಟೆ. ಮಾವ ನನ್ನ ಮುಖ ನೋಡದೆ, ಗೋಣಿತಾಟು ಕೊಡವಿ ಇಂಜಿನ್ನಿಗೆ ಹೊದೆಸಿದರು. "ನೀನು ಲಾಯರ್ ಆಗ್ಬೇಕಿತ್ತು ಕಣವ್ವ" ಎಂದರು. ಅದು ಹೊಗಳಿಕೆ ಆಗಿರಲಿಲ್ಲ.

ಆದರೂ ಯೋಚಿಸಿ. ನಾವು ಯಾರನ್ನು ಸುಮ್ಮನೆ ಬಿಡುತ್ತೇವೆ? ರಜೆಯಲ್ಲಿರುವ ಮಗುವಿಗೆ 'ಮಗ್ಗಿ ಮರೆತಿಲ್ಲ ತಾನೇ, ಒಂದ್ಸಲ ಹೇಳು.' ರಜೆ ಹಾಕಿದ ನೌಕರನಿಗೆ 'ಡಿಸ್ಟರ್ಬ್ ಮಾಡ್ತಿಲ್ಲ, ಒಂದೇ ನಿಮಿಷ.' ಮದುವೆಯಾಗಿ ಮೂರು ತಿಂಗಳಾದವಳಿಗೆ 'ಏನಾದ್ರೂ ವಿಶೇಷ?' ಜ್ವರ ಬಿಟ್ಟು ಮಲಗಿದವರನ್ನು ಎಬ್ಬಿಸಿ 'ನಿದ್ದೆ ಚೆನ್ನಾಗಿ ಬಂತಾ?' ಅವರು ಸರಿಹೋಗಲಿ ಎಂದು ಎಬ್ಬಿಸುತ್ತೇವೋ, ನಮ್ಮ ದಿಗಿಲು ಇಳಿಯಲಿ ಎಂದೋ? ಬಾಣಂತಿಯೊಬ್ಬಳಿಗೆ ಮಾತ್ರ ನಮ್ಮಲ್ಲಿ ಅಧಿಕೃತ ವಿಶ್ರಾಂತಿ. ಅವಳನ್ನೂ ನೋಡಲು ಬಂದವರು ಮಗುವನ್ನು ಚಿವುಟಿ ಅಳಿಸಿ, ದನಿ ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡೇ ಹೋಗುತ್ತಾರೆ!

ಇಷ್ಟು ಗಟ್ಟಿ ವಾದ ಕೈಯಲ್ಲಿದ್ದೂ ನನಗೆ ಧೈರ್ಯ ಸಾಲಲಿಲ್ಲ. ಇಂಜಿನ್ನಿನಲ್ಲಿ ಒಂದು ಕೆಂಪು ದಾರ ಇರುತ್ತದೆ, ತುದಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್ಪು. ಓಡಿಸುವವರು ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕು. ಆಯ ತಪ್ಪಿ ನೀರಿಗೆ ಬಿದ್ದರೆ ಕ್ಲಿಪ್ಪು ಕಳಚಿ ಇಂಜಿನ್ ನಿಲ್ಲುತ್ತದೆ. ಕ್ಲಿಪ್ಪಿಲ್ಲದಿದ್ದರೆ ಯುಗಾದಿವರೆಗೆ ಹಗ್ಗ ಎಳೆದರೂ ಕಿಡಿ ಹತ್ತುವುದಿಲ್ಲ. ಹೊರಡುವಾಗ ಅದನ್ನು ಮೆಲ್ಲಗೆ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. (ವಾದದ ಮೇಲೆ ನಂಬಿಕೆ ಇದ್ದವರು ಬೀಗ ಹಾಕುವುದಿಲ್ಲ. ಗೊತ್ತಿದೆ, ಪತ್ರ ಬರೆಯಬೇಡಿ.)

ಶುಕ್ರವಾರ ಬಂತು. ಬೆಳಗಿನಿಂದ ಕೈಯಲ್ಲಿ ಫೋನು. ನಾನೇ ಮಾಡಿದರೆ ಅದೂ ಎಬ್ಬಿಸಿ ನೋಡಿದಂತೆಯೇ ತಾನೇ? ಹಲ್ಲು ಕಚ್ಚಿ ಸುಮ್ಮನಿದ್ದೆ. ತಿಂಡಿಯ ಹೊತ್ತಿಗೆ ಮಾವನೇ ಮಾಡಿದರು.

"ಪೂಜೆ ಆಯ್ತು ಕಣವ್ವ."

"ಇಂಜಿನ್?"

"ಮಲಗೈತೆ."

ಅತ್ತೆ ತಟ್ಟೆ ಹಿಡಿದು ಟ್ರ್ಯಾಕ್ಟರ್, ಪಂಪ್‌ಸೆಟ್ಟು, ಸ್ಕೂಟರು ಎಲ್ಲ ಮುಗಿಸಿ ಕೊಟ್ಟಿಗೆಗೂ ಹೋದರಂತೆ. ಗೋಣಿತಾಟಿನ ಮೇಲೇ ಹೂವಿಟ್ಟು, ಆರತಿ ಎತ್ತಿ, ಸ್ವಲ್ಪ ಹೊತ್ತು ನಿಂತು, 'ಮಲ್ಕೊ' ಎಂದು ಹೇಳಿ ಬಂದುಬಿಟ್ಟರಂತೆ.

ಗೆದ್ದೆ ಎಂದು ಕೂಗಬೇಕು ಎನ್ನುವಷ್ಟರಲ್ಲಿ ಒಳಗಿನ ಅನುಮಾನದ ಪ್ರಾಣಿ ಎದ್ದು ಕೂತಿತು. ಕ್ಲಿಪ್ಪು ಇರುವುದು ನನ್ನ ಬ್ಯಾಗಿನಲ್ಲಿ. ಸ್ಟಾರ್ಟ್ ಮಾಡಲಾರದವರು ಮಾಡಲಿಲ್ಲ ಎಂದರೆ ಅದು ಯಾವ ಸೀಮೆ ಸಾಕ್ಷಿ? ಮನಸ್ಸು ತಡೆಯದೆ, ಮಾವ, ಆ ಕೆಂಪು ದಾರ ನನ್ನ ಹತ್ತಿರವೇ ಇದೆ ಎಂದು ಹೇಳಿಬಿಟ್ಟೆ.

ಮಾವ ಜೋರಾಗಿ ನಕ್ಕರು.

"ಗೊತ್ತು ಕಣವ್ವ. ಇಂಜಿನ್ ತಂದಾಗ್ಲೇ ಇನ್ನೊಂದು ಕೊಟ್ಟಿದ್ರು. ನಿಮ್ಮತ್ತೆ ಬೀಗದ ಕೈ ಗೊಂಚ್ಲಲ್ಲೇ ನೇತಾಡ್ತದೆ."

ಸೊಂಟದಲ್ಲಿ ಕ್ಲಿಪ್ಪು ಇಟ್ಟುಕೊಂಡೇ ಅತ್ತೆ ಆರತಿ ಎತ್ತಿ ವಾಪಸ್ ಬಂದಿದ್ದರು!

ಫೋನ್ ಇಡಲಿಲ್ಲ ಮಾವ. ಎಮ್ಮೆಗೆ ಏನೋ ಗದರಿದರು, ಕೆಮ್ಮಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಆಮ್ಯಾಕೆ ನಂಗೂ ಇಬೂತಿ ಇಟ್ಲು. ಕೈ ಎತ್ತು ಅನ್ನಿಲ್ಲ" ಎಂದರು.

ನಿಮ್ಮ ಮನೆಯಲ್ಲಿ ಈ ಶುಕ್ರವಾರ ಯಾರನ್ನು ಸ್ಟಾರ್ಟ್ ಮಾಡಿ ನೋಡುವವರಿದ್ದೀರಿ?